ಸುವಾರ್ತಿಕ ಅಂದ್ರೆ ಯಾರು? ಪಾಸ್ಟರ್, ಫಾದರ್‌ಗೂ ಇವರಿಗೂ ಏನು ವ್ಯತ್ಯಾಸ? ಕಾನೂನು ಎಲ್ಲಿ ಗೆರೆ ಎಳೆದಿದೆ?

ಆನಗೋಡು: ಹೆದ್ದಾರಿ ಪಕ್ಕದ ಊರು ಅಂದ ಮೇಲೆ ಬಸ್ಸಿಳಿಯುವ ಮಂದಿ ನಾನಾ ಥರ. ಬಟ್ಟೆ ಗಂಟು ಹೊತ್ತವರು, ಬೀಜ-ಗೊಬ್ಬರದ ಕಂಪನಿಯವರು, ಸಂಘದ ಸಾಲದ ಕಂತು ಕೇಳೋಕೆ ಬರುವವರು. ಅವರ ನಡುವೆ ಒಮ್ಮೊಮ್ಮೆ ಹೆಗಲಿಗೆ ಬ್ಯಾಗು ಹಾಕಿಕೊಂಡು, ಕೈಯಲ್ಲಿ ಸಣ್ಣ ಪುಸ್ತಕ, ಕರಪತ್ರ ಹಿಡಿದು, "ಅಣ್ಣಾ, ಎರಡು ನಿಮಿಷ ಮಾತಾಡಬಹುದಾ" ಅಂತ ಅಂಗಡಿ ಮುಂದೆ ನಿಲ್ಲುವವರೂ ಇರ್ತಾರೆ.

ಕೆಲವು ಅಂಗಡಿಯವರು ಕರಪತ್ರ ಇಸ್ಕೊಂಡು ಗಲ್ಲಾ ಪಕ್ಕ ಇಡ್ತಾರೆ. ಕೆಲವರು "ವ್ಯಾಪಾರದ ಹೊತ್ತು, ಆಮೇಲೆ ಬರ್ರಿ" ಅಂತಾರೆ. ಇನ್ನು ಕೆಲವರು ಫೋಟೊ ತೆಗೆದು "ಮತಾಂತರಕ್ಕೆ ಬಂದವ್ರೆ" ಅಂತ ವಾಟ್ಸಾಪ್ ಗ್ರೂಪಿಗೆ ಹಾಕ್ತಾರೆ. ಬಂದವರನ್ನ ಒಬ್ಬರು ಫಾದರ್ ಅಂತಾರೆ, ಇನ್ನೊಬ್ಬರು ಪಾಸ್ಟರ್ ಅಂತಾರೆ, ಮತ್ತೊಬ್ಬರು ಮಿಶನರಿ ಅಂತಾರೆ. ಬಹಳ ಸಲ ಆ ವ್ಯಕ್ತಿ ಈ ಮೂರೂ ಆಗಿರೋದಿಲ್ಲ. ಕ್ರೈಸ್ತ ಧರ್ಮದಲ್ಲಿ ಈ ಕೆಲಸಕ್ಕೆ ಬೇರೆಯೇ ಹೆಸರಿದೆ, ಸುವಾರ್ತಿಕ. ಇಂಗ್ಲಿಷಿನಲ್ಲಿ ಇವಾಂಜೆಲಿಸ್ಟ್.

ಈ ಕೆಲಸ ಏನು, ಎಲ್ಲಿಂದ ಬಂತು, ನಮ್ಮ ಸುತ್ತಮುತ್ತ ಇದರ ಇತಿಹಾಸ ಏನು, ಕಾನೂನು ಏನು ಹೇಳುತ್ತೆ ಅನ್ನೋದನ್ನ ತಿಳಿದುಕೊಂಡ್ರೆ ಗ್ರೂಪಿನಲ್ಲಿ ನಡೆಯುವ ಅರ್ಧ ಜಗಳ ಕಡಿಮೆಯಾಗುತ್ತೆ.

ಡಂಗುರದವನ ಕೆಲಸ

'ಸುವಾರ್ತೆ' ಅಂದ್ರೆ ಒಳ್ಳೆಯ ಸುದ್ದಿ. ಮೂಲ ಗ್ರೀಕ್ ಪದ 'ಯುವಾಂಗೆಲಿಯೊನ್'. ಇದು ಮೊದಲಿಗೆ ಧರ್ಮದ ಪದವೇ ಆಗಿರಲಿಲ್ಲ. ಯುದ್ಧ ಗೆದ್ದ ಸುದ್ದಿ, ರೋಮ್ ಚಕ್ರವರ್ತಿಯ ಕುರಿತ ಶುಭ ಸಮಾಚಾರ ಊರಿಗೆ ಬಂದ್ರೆ ಅದಕ್ಕೆ ಈ ಪದ ಬಳಸುತ್ತಿದ್ರು. ಯೇಸುವಿನ ಶಿಷ್ಯರು ಅದೇ ಪದವನ್ನ ತಮ್ಮ ಗುರುವಿನ ಜೀವನ, ಮರಣ, ಪುನರುತ್ಥಾನದ ಸುದ್ದಿಗೆ ಬಳಸಿದ್ರು. ಆ ಸುದ್ದಿಯನ್ನ ಊರೂರಿಗೆ ಮುಟ್ಟಿಸುವವನು ಸುವಾರ್ತಿಕನಾದ.

ನಮ್ಮ ಹಳ್ಳಿಗಳಲ್ಲಿ ಡಂಗುರ ಸಾರುವವನನ್ನ ನೆನಪಿಸಿಕೊಂಡ್ರೆ ಇದು ಬೇಗ ಅರ್ಥವಾಗುತ್ತೆ. ಸುದ್ದಿ ಅವನದಲ್ಲ, ಬೇರೆಯವರು ಹೇಳಿ ಕಳಿಸಿದ್ದು. ಅದನ್ನ ತಿದ್ದುವ ಹಕ್ಕು ಅವನಿಗಿಲ್ಲ. ಕೇಳಿದವರು ಏನು ಮಾಡ್ತಾರೆ ಅನ್ನೋದೂ ಅವನ ಕೈಯಲ್ಲಿಲ್ಲ. ಸಾರಿ ಮುಂದಿನ ಓಣಿಗೆ ಹೋಗಬೇಕು.

ಇದನ್ನ ಪ್ರವಾದಿಯ ಕೆಲಸದ ಜೊತೆ ಕಲಸಬಾರದು. ಮೈಲಾರದಲ್ಲಿ ಗೊರವಯ್ಯ ಬಿಲ್ಲು ಏರಿ ಕಾರಣಿಕ ನುಡಿಯುತ್ತಾನೆ, ಅದು ಪ್ರತಿ ವರ್ಷ ಹೊಸ ನುಡಿ. ಪ್ರವಾದಿ ಅಂದ್ರೆ ಹೆಚ್ಚು ಕಡಿಮೆ ಆ ಥರ, ದೇವರಿಂದ ಬಂದ ನುಡಿಯನ್ನ ಆ ಹೊತ್ತಿಗೆ ಹೇಳುವವನು. ಸುವಾರ್ತಿಕನಿಗೆ ಹೊಸ ನುಡಿ ಇಲ್ಲ. ಅವನು ಹೇಳೋದು ಎರಡು ಸಾವಿರ ವರ್ಷದ ಹಿಂದಿನ ಅದೇ ಸುದ್ದಿ.

ಬೈಬಲ್‌ನಲ್ಲಿ ಮೂರೇ ಕಡೆ

ಇಷ್ಟು ದೊಡ್ಡ ಹೆಸರಾದ್ರೂ 'ಸುವಾರ್ತಿಕ' ಅನ್ನುವ ಪದ ಹೊಸ ಒಡಂಬಡಿಕೆಯಲ್ಲಿ ಬರೋದು ಮೂರೇ ಕಡೆ. ಎಫೆಸದವರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿ ಸಭೆಯ ಸೇವಕರ ಪಟ್ಟಿ ಇದೆ: ಅಪೊಸ್ತಲರು, ಪ್ರವಾದಿಗಳು, ಸುವಾರ್ತಿಕರು, ಸಭಾಪಾಲಕರು, ಉಪದೇಶಿಗಳು. ತಿಮೊಥೆಯನಿಗೆ ಬರೆದ ಎರಡನೇ ಪತ್ರದಲ್ಲಿ ಸುವಾರ್ತಿಕನ ಕೆಲಸ ಮಾಡು ಅಂತ ಅವನಿಗೆ ಹೇಳಲಾಗಿದೆ. ಮೂರನೆಯದು ಅಪೊಸ್ತಲರ ಕೃತ್ಯಗಳು ಅನ್ನುವ ಭಾಗದ 21ನೇ ಅಧ್ಯಾಯ. ಅಲ್ಲಿ ಒಬ್ಬನ ಹೆಸರಿನ ಜೊತೆಗೇ ಈ ಪದ ಸೇರಿದೆ, ಫಿಲಿಪ್ಪ.

ಈ ಫಿಲಿಪ್ಪ ಮೊದಲು ಜೆರುಸಲೇಮಿನಲ್ಲಿ ವಿಧವೆಯರಿಗೆ ಆಹಾರ ಹಂಚುವ ವ್ಯವಸ್ಥೆ ನೋಡಿಕೊಳ್ಳೋಕೆ ಆರಿಸಿದ ಏಳು ಜನರಲ್ಲಿ ಒಬ್ಬ. ಅವನ ಹೆಸರು ಉಳಿದದ್ದು ಒಂದು ದಾರಿಯ ಕಥೆಯಿಂದ. ಜೆರುಸಲೇಮಿನಿಂದ ಗಾಜಾಕ್ಕೆ ಹೋಗುವ ದಾರಿಯಲ್ಲಿ ಇಥಿಯೋಪಿಯಾದ ರಾಣಿಯ ಖಜಾನೆ ನೋಡಿಕೊಳ್ಳುವ ಅಧಿಕಾರಿಯೊಬ್ಬ ರಥದಲ್ಲಿ ಕೂತು ಯೆಶಾಯನ ಗ್ರಂಥ ಓದಿಕೊಂಡು ಹೋಗ್ತಿದ್ದ. ಫಿಲಿಪ್ಪ ಹತ್ತಿರ ಓಡಿ ಹೋಗಿ, ಓದುತ್ತಿರೋದು ತಿಳೀತಾ ಅಂತ ಕೇಳಿದ. ಯಾರಾದ್ರೂ ಹೇಳಿಕೊಡದೆ ಹೇಗೆ ತಿಳಿಯುತ್ತೆ ಅಂತ ಆ ಖಜಾಂಚಿ ಅವನನ್ನ ರಥಕ್ಕೆ ಹತ್ತಿಸಿಕೊಂಡ. ದಾರಿಯುದ್ದಕ್ಕೂ ಮಾತಾಯಿತು. ಮುಂದೆ ನೀರು ಕಂಡಾಗ, ದೀಕ್ಷಾಸ್ನಾನ ತಗೊಳ್ಳೋಕೆ ಅಡ್ಡಿ ಏನು ಅಂತ ಕೇಳಿದ್ದು ಆ ಅಧಿಕಾರಿಯೇ. ಅದಾದ ಮೇಲೆ ಫಿಲಿಪ್ಪ ಒಂದು ಕಡೆ ಹೋದ, ಖಜಾಂಚಿ ಸಂತೋಷದಿಂದ ತನ್ನ ದೇಶಕ್ಕೆ ಹೋದ.

ಈ ಕಥೆಯಲ್ಲಿ ಗಮನಿಸಬೇಕಾದ್ದು ನಾಲ್ಕು ವಿಷಯ. ಆ ಮನುಷ್ಯ ಮೊದಲೇ ಓದುತ್ತಿದ್ದ. ಹತ್ತಿ ಕೂರು ಅಂದವನು ಅವನು. ದೀಕ್ಷೆ ಕೇಳಿದವನೂ ಅವನೇ. ಫಿಲಿಪ್ಪ ಏನನ್ನೂ ಕೊಡಲಿಲ್ಲ, ಏನನ್ನೂ ಇಸ್ಕೊಳ್ಳಲಿಲ್ಲ. ಸುವಾರ್ತಿಕನ ಕೆಲಸದ ಮಾದರಿ ಯಾವುದು ಅಂತ ಕೇಳಿದ್ರೆ ಕ್ರೈಸ್ತರು ತೋರಿಸೋದು ಇದನ್ನೇ.

ಮತ್ತಾಯ, ಮಾರ್ಕ, ಲೂಕ, ಯೋಹಾನ ಈ ನಾಲ್ವರನ್ನೂ ಇವಾಂಜೆಲಿಸ್ಟ್ ಅಂತ ಕರೀತಾರೆ. ಇವರು ಸುವಾರ್ತೆ ಬರೆದವರು ಅನ್ನುವ ಅರ್ಥದಲ್ಲಿ ಆ ಹೆಸರು ಆಮೇಲೆ ಬಂತು. ಹಳೆಯ ಚರ್ಚುಗಳ ಚಿತ್ರದಲ್ಲಿ ಮನುಷ್ಯ, ಸಿಂಹ, ಎತ್ತು, ಗರುಡ ಕಾಣಿಸಿದ್ರೆ ಅವು ಈ ನಾಲ್ವರ ಗುರುತು.

ಪಾಸ್ಟರ್ ಬೇರೆ, ಫಾದರ್ ಬೇರೆ

ಫಾದರ್ ಅಂದ್ರೆ ಕ್ಯಾಥೊಲಿಕ್ ಗುರುಗಳು. ಮದುವೆಯಾಗೋದಿಲ್ಲ. ವರ್ಷಗಟ್ಟಲೆ ಗುರುಮಠದಲ್ಲಿ ಓದಿ, ಬಿಷಪ್ಪರಿಂದ ದೀಕ್ಷೆ ಪಡೆದು, ಕಳಿಸಿದ ಕಡೆ ಹೋಗಿ ಬಲಿಪೂಜೆ ಅರ್ಪಿಸ್ತಾರೆ. ಪಾಸ್ಟರ್ ಅಂದ್ರೆ ಪ್ರಾಟೆಸ್ಟೆಂಟ್ ಸಭಾಪಾಲಕರು. ಅವರಿಗೆ ಸಂಸಾರ ಇರಬಹುದು. ಒಂದು ಸಭೆಯ ಮಂದಿಯ ಹುಟ್ಟು, ಮದುವೆ, ಸಾವು, ಕಷ್ಟ ಎಲ್ಲಕ್ಕೂ ಅವರೇ ಹೊಣೆ.

ಸುವಾರ್ತಿಕನಿಗೆ ಸ್ವಂತ ಸಭೆ ಅಂತ ಇರೋದಿಲ್ಲ. ಮಠದಲ್ಲಿ ಪೀಠ ಹಿಡಿದು ಕೂತ ಸ್ವಾಮಿಗೂ ಊರೂರು ತಿರುಗುವ ಜಂಗಮನಿಗೂ ಇರುವ ವ್ಯತ್ಯಾಸದ ಥರ ಅನ್ನಬಹುದು, ಹೋಲಿಕೆ ಪೂರ್ತಿ ಕೂಡೋದಿಲ್ಲ ಅಷ್ಟೇ. ಜಗತ್ತಿನಲ್ಲಿ ಹೆಚ್ಚು ಹೆಸರಾದ ಸುವಾರ್ತಿಕ ಅಮೆರಿಕದ ಬಿಲ್ಲಿ ಗ್ರಹಾಂ (1918-2018) ಕ್ರೀಡಾಂಗಣ ತುಂಬಿಸಿ ಮಾತಾಡುತ್ತಿದ್ರು. ಮಾತು ಕೇಳಿ ಮುಂದೆ ಬಂದವರನ್ನ ಆಯಾ ಊರಿನ ಸಭೆಗಳಿಗೆ ಒಪ್ಪಿಸಿ ಮುಂದಿನ ಊರಿಗೆ ಹೋಗುತ್ತಿದ್ರು.

ಹಳೆಯ ಮಿಶನ್ ಸಭೆಗಳಲ್ಲಿ ಹಳ್ಳಿಗೆ ಬರುವವರನ್ನ 'ಉಪದೇಶಿ' ಅಂತಲೂ ಕರೀತಾರೆ. ಪ್ರಾರ್ಥನೆ ನಡೆಸೋದು, ಓದಿ ಹೇಳೋದು, ಮಕ್ಕಳಿಗೆ ಅಕ್ಷರ ಕಲಿಸೋದು ಇವರ ಕೆಲಸ. ದೀಕ್ಷಾಸ್ನಾನ, ಪ್ರಭುಭೋಜನಕ್ಕೆ ಮಾತ್ರ ಅಭಿಷೇಕವಾದ ಸಭಾಪಾಲಕರೇ ಬರಬೇಕು. ಸ್ವತಂತ್ರ ಪೆಂತೆಕೊಸ್ತ್ ಪ್ರಾರ್ಥನಾ ಮಂದಿರಗಳಲ್ಲಿ ಈ ಗೆರೆ ಅಳಿಸಿ ಹೋಗಿರುತ್ತೆ. ಸಾರುವವರೂ ಸಭೆ ನಡೆಸುವವರೂ ಬಹಳ ಕಡೆ ಒಬ್ಬರೇ. ಜನಕ್ಕೆ ಗೊಂದಲ ಆಗೋದೂ ಅಲ್ಲೇ.

ಕ್ಯಾಥೊಲಿಕ್ಕರಲ್ಲಿ ಸುವಾರ್ತಿಕ ಅನ್ನುವ ಬೇರೆ ಹುದ್ದೆ ಇಲ್ಲ. ಜ್ಞಾನಸ್ನಾನ ಪಡೆದ ಪ್ರತಿಯೊಬ್ಬರದೂ ಆ ಕೆಲಸ ಅನ್ನೋದು ಅವರ ಬೋಧನೆ. ಇಂದಿನ ಮನುಷ್ಯ ಬೋಧಕರಿಗಿಂತ ಬದುಕಿ ತೋರಿಸುವವರ ಮಾತು ಕೇಳ್ತಾನೆ ಅನ್ನೋ ಅರ್ಥದ ಮಾತನ್ನ ಪೋಪ್ 6ನೇ ಪೌಲ್ 1975ರಲ್ಲಿ ಬರೆದರು. ಹರಿಹರದ ಆರೋಗ್ಯ ಮಾತೆ ಚರ್ಚಿಗೆ ಸೆಪ್ಟೆಂಬರ್ 8ರ ಹಬ್ಬಕ್ಕೆ ಹೋದವರಿಗೆ ಇದು ಬೇಗ ತಿಳಿಯುತ್ತೆ. 2019ರಲ್ಲಿ ಬಸಿಲಿಕಾ ಗೌರವ ಪಡೆದ ಈ ಚರ್ಚಿಗೆ ಎಲ್ಲ ಜಾತಿ, ಧರ್ಮದವರೂ ಹೋಗಿ ಮೇಣದಬತ್ತಿ ಹಚ್ಚಿ ಬರ್ತಾರೆ. ಹೋಗಿ ಬಂದವರ ಧರ್ಮ ಅದರಿಂದ ಬದಲಾಗೋದಿಲ್ಲ.

ನಮ್ಮ ಕಡೆ ಅವರು ಬಿಟ್ಟುಹೋದದ್ದು

ಈ ಬಯಲುಸೀಮೆಗೆ ಸುವಾರ್ತಿಕರು ಹೊಸಬರಲ್ಲ. ಲಂಡನ್ ಮಿಶನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲೇ ಬಳ್ಳಾರಿಗೆ ಬಂದರು. ಸುದ್ದಿ ಹೇಳಬೇಕಂದ್ರೆ ಮೊದಲು ಭಾಷೆ ಬೇಕು. ಹಾಗಾಗಿ ಅವರು ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ಕೂತರು. ಅವರ ಜೊತೆಗಿದ್ದ ವಿಲಿಯಂ ರೀವ್ ಅದೇ ಕೆಲಸದ ನಡುವೆ ನಿಘಂಟು ಮಾಡಿದರು.

ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಅವರಲ್ಲಿ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಶುರು ಮಾಡಿದರು. ಅದೇ ಕನ್ನಡದ ಮೊದಲ ಪತ್ರಿಕೆ. ಮುಂದಿನ ವರ್ಷ ಅದು ಬಳ್ಳಾರಿಯಲ್ಲಿ ಅಚ್ಚಾಗಿ 'ಕನ್ನಡ ಸಮಾಚಾರ' ಆಯಿತು. ಪ್ರತಿ ವರ್ಷ ಜುಲೈ 1ಕ್ಕೆ ತಾಲೂಕು ತಾಲೂಕಿನಲ್ಲಿ ಪತ್ರಿಕಾ ದಿನಾಚರಣೆ ಆಗೋದು ಆ ತಾರೀಖಿಗೇ. ಅದೇ ಮೋಗ್ಲಿಂಗ್ ದಾಸರ ಪದಗಳನ್ನೂ ಸೇರಿಸಿ ಅಚ್ಚು ಹಾಕಿಸಿದರು. ಆಮೇಲೆ ಬಂದ ಕಿಟೆಲ್ 1894ರಲ್ಲಿ ಹೊರತಂದ ಕನ್ನಡ-ಇಂಗ್ಲಿಷ್ ನಿಘಂಟನ್ನ ಇವತ್ತಿಗೂ ತೆಗೆದು ನೋಡ್ತಾರೆ.

ಎಲ್ಲವೂ ಚೆಂದವಾಗಿತ್ತು ಅಂತಲ್ಲ. ಜಾತ್ರೆಗೆ ಹೋಗಿ ಊರ ದೇವರನ್ನ ಹೀಯಾಳಿಸಿ ಮಾತಾಡಿದವರು ಆ ಕಾಲದ ಮಿಶನರಿಗಳಲ್ಲಿ ಇದ್ದರು. ಆಳುವವರ ಬಣ್ಣ, ಸಾರುವವರ ಬಣ್ಣ ಒಂದೇ ಆಗಿದ್ದು ಜನರ ಅನುಮಾನಕ್ಕೆ ಕಾರಣವಾಯಿತು. ಆ ಅನುಮಾನದ ಬೇರು ಇವತ್ತಿಗೂ ಒಣಗಿಲ್ಲ.

ಸರ್ವಜ್ಞನನ್ನ ಹುಡುಕಿದ ಉಪದೇಶಿ

ಇದಕ್ಕೆ ಉತ್ತರ ಕೊಟ್ಟಂತೆ ಬದುಕಿದವರು ಒಬ್ಬರು ನಮ್ಮ ಪಕ್ಕದ ಸೀಮೆಯವರೇ ಇದ್ದರು, ರೆವರೆಂಡ್ ಉತ್ತಂಗಿ ಚನ್ನಪ್ಪ (1881-1962). ಉತ್ತಂಗಿ ಇರೋದು ಹರಪನಹಳ್ಳಿ ದಾಟಿದ್ರೆ ಸಿಗುವ ಹೂವಿನಹಡಗಲಿ ತಾಲೂಕಿನಲ್ಲಿ. ಅವರು ಹುಟ್ಟಿದ್ದು ಧಾರವಾಡದಲ್ಲಿ. ಬಾಸೆಲ್ ಮಿಶನ್ನಿನಲ್ಲಿ ದೇವಜ್ಞಾನ ಓದಿ ಉಪದೇಶಿಯಾಗಿ, ಮುಂದೆ ಪಾದ್ರಿಯಾಗಿ ಊರೂರು ತಿರುಗಿದರು.

ಆ ತಿರುಗಾಟದಲ್ಲೇ ಅವರು ಜನರ ಬಾಯಲ್ಲಿದ್ದ, ಹಳೆ ಕಟ್ಟುಗಳಲ್ಲಿದ್ದ ಸರ್ವಜ್ಞನ ತ್ರಿಪದಿಗಳನ್ನ ಕಲೆ ಹಾಕಿದರು. 1924ರಲ್ಲಿ 'ಸರ್ವಜ್ಞನ ವಚನಗಳು' ಪ್ರಕಟವಾಯಿತು. ಚದುರಿ ಹೋಗಿದ್ದ ಸರ್ವಜ್ಞ ಒಂದೇ ಪುಸ್ತಕದಲ್ಲಿ ಎಲ್ಲರ ಕೈಗೆ ಸಿಕ್ಕಿದ್ದು ಹೀಗೆ. ಶಾಲೆಯ ಗೋಡೆ ಮೇಲೆ, ಕ್ಯಾಲೆಂಡರಿನಲ್ಲಿ ಬರೆದಿರುವ ತ್ರಿಪದಿಯ ಹಿಂದೆ ಒಬ್ಬ ಕ್ರೈಸ್ತ ಪಾದ್ರಿಯ ದುಡಿಮೆ ಇದೆ ಅನ್ನೋದು ಬಹಳ ಮಂದಿಗೆ ಗೊತ್ತಿಲ್ಲ.

ಅಷ್ಟಕ್ಕೇ ನಿಲ್ಲಲಿಲ್ಲ. ಬಸವಣ್ಣನವರ ಕಾಲದ ಅನುಭವ ಮಂಟಪ ನಿಜವಾಗಿ ಇತ್ತೋ ಇಲ್ಲವೋ ಅಂತ ವಿದ್ವಾಂಸರು ವಾದ ಮಾಡುವಾಗ, ಅದು ಇತಿಹಾಸದಲ್ಲಿ ಇತ್ತು ಅಂತ ವಾದಿಸಿ ಪುಸ್ತಕ ಬರೆದರು. ತಮ್ಮ ನಂಬಿಕೆಯನ್ನ ಅವರು ಬಿಡಲಿಲ್ಲ, ಮುಚ್ಚಿಡಲೂ ಇಲ್ಲ. ಕ್ರಿಸ್ತನ ಪರವಾಗಿ ಹಿಂದೂಗಳ ಜೊತೆ ಮಾತಾಡುವ 'ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ' ಅನ್ನುವ ಪುಸ್ತಕವೂ ಅವರದೇ. ಹೆಸರಲ್ಲಿ ಇರೋ ಪದ 'ವಿನಂತಿ' ಅನ್ನೋದನ್ನ ನೋಡಬೇಕು. 1949ರಲ್ಲಿ ಕಲಬುರಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ನಾಡು ಅವರನ್ನ ಅಧ್ಯಕ್ಷರಾಗಿ ಕೂರಿಸಿತು. 'ತಿರುಳ್ಗನ್ನಡ ತಿರುಕ' ಅಂತ ಅವರನ್ನ ಪ್ರೀತಿಯಿಂದ ಕರೆದರು.

ಕಾನೂನಿನ ಗೆರೆ

ಸಂವಿಧಾನದ 25ನೇ ವಿಧಿ ಎಲ್ಲರಿಗೂ ತಮ್ಮ ಧರ್ಮವನ್ನ ಅನುಸರಿಸುವ, ಆಚರಿಸುವ, ಪ್ರಸಾರ ಮಾಡುವ ಹಕ್ಕು ಕೊಟ್ಟಿದೆ. ಸಾರ್ವಜನಿಕ ಶಾಂತಿ, ನೈತಿಕತೆ, ಆರೋಗ್ಯಕ್ಕೆ ಧಕ್ಕೆ ಆಗಬಾರದು ಅನ್ನೋದು ಷರತ್ತು. 'ಪ್ರಸಾರ' ಅನ್ನುವ ಪದ ಬೇಕೋ ಬೇಡವೋ ಅಂತ 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲೇ ಚರ್ಚೆಯಾಗಿತ್ತು. ಕೊನೆಗೆ ಪದ ಉಳಿಯಿತು.

1977ರಲ್ಲಿ ರೆವರೆಂಡ್ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಗೆರೆ ಎಳೆಯಿತು. ತನ್ನ ಧರ್ಮದ ತತ್ವವನ್ನ ಇನ್ನೊಬ್ಬರಿಗೆ ತಿಳಿಸುವ ಹಕ್ಕು ಇದೆ, ಇನ್ನೊಬ್ಬರನ್ನ ಮತಾಂತರ ಮಾಡುವ ಹಕ್ಕು ಇಲ್ಲ ಅಂತ ಹೇಳಿತು. ಕೇಳಿದವನ ಮನಸ್ಸಾಕ್ಷಿಗೂ ಅಷ್ಟೇ ಸ್ವಾತಂತ್ರ್ಯ ಇರಬೇಕಲ್ಲ ಅನ್ನೋದು ಕಾರಣ.

ರಾಜ್ಯದಲ್ಲಿ ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣೆ ಕಾಯ್ದೆ 2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ ಬಂದು, ಅದೇ ವರ್ಷ ಸೆಪ್ಟೆಂಬರಿನಲ್ಲಿ ಕಾಯ್ದೆಯಾಯಿತು. ಬಲವಂತ, ಆಮಿಷ, ವಂಚನೆ, ಮದುವೆಯ ಭರವಸೆಯಿಂದ ಮತಾಂತರ ಮಾಡೋದು ಇದರಲ್ಲಿ ಅಪರಾಧ. ಹಣ, ಉಡುಗೊರೆ, ಕೆಲಸ, ಉಚಿತ ಶಿಕ್ಷಣದ ಆಸೆ ತೋರಿಸೋದು ಆಮಿಷದ ಪಟ್ಟಿಯಲ್ಲಿದೆ. ಒಂದು ಧರ್ಮವನ್ನ ಕೀಳಾಗಿಸಿ ಇನ್ನೊಂದನ್ನ ಮೇಲು ಅಂತ ಹೊಗಳೋದೂ ಅದರಲ್ಲೇ ಬರುತ್ತೆ.

ಶಿಕ್ಷೆ 3ರಿಂದ 5 ವರ್ಷ ಜೈಲು, 25 ಸಾವಿರ ರೂಪಾಯಿ ದಂಡ. ಅಪ್ರಾಪ್ತರು, ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರ ವಿಷಯದಲ್ಲಾದ್ರೆ 3ರಿಂದ 10 ವರ್ಷ, 50 ಸಾವಿರ ದಂಡ. ಸಾಮೂಹಿಕ ಮತಾಂತರಕ್ಕೆ ದಂಡ 1 ಲಕ್ಷ. ಸ್ವಇಚ್ಛೆಯಿಂದ ಧರ್ಮ ಬದಲಿಸುವವರು, ಬದಲಿಸಿಕೊಡುವವರು ಇಬ್ಬರೂ 30 ದಿನ ಮೊದಲು ಜಿಲ್ಲಾಧಿಕಾರಿಗೆ ತಿಳಿಸಬೇಕು ಅನ್ನೋದು ನಿಯಮ.

2023ರ ಜೂನ್ 15ರಂದು ರಾಜ್ಯ ಸಚಿವ ಸಂಪುಟ ಈ ಕಾಯ್ದೆಯನ್ನ ರದ್ದು ಮಾಡುವ ತೀರ್ಮಾನ ಮಾಡಿತು. ಆದ್ರೆ ಸಂಪುಟ ತೀರ್ಮಾನಿಸಿದ ಮಾತ್ರಕ್ಕೆ ಕಾಯ್ದೆ ಹೋಗೋದಿಲ್ಲ. ಎರಡೂ ಸದನದಲ್ಲಿ ರದ್ದತಿ ವಿಧೇಯಕ ಪಾಸಾಗಿ ರಾಜ್ಯಪಾಲರ ಅಂಕಿತ ಬೀಳಬೇಕು.

ಇನ್ನೊಂದು ವಿಷಯ ಬಹಳ ಮನೆಗಳಿಗೆ ನೇರ ತಟ್ಟುತ್ತೆ. 1950ರ ಪರಿಶಿಷ್ಟ ಜಾತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿ ಸ್ಥಾನ ಇರೋದು ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ. ಕ್ರೈಸ್ತ ಧರ್ಮಕ್ಕೆ ಸೇರಿದ ದಲಿತರಿಗೆ ಆ ಸ್ಥಾನ ಸಿಗೋದಿಲ್ಲ. ಜಾತಿ ಪ್ರಮಾಣ ಪತ್ರ, ವಿದ್ಯಾರ್ಥಿವೇತನ, ಮೀಸಲಾತಿ ಎಲ್ಲಕ್ಕೂ ಇದು ಸಂಬಂಧಿಸಿದ್ದು. ಮನೆಗೆ ಬಂದು ಸುವಾರ್ತೆ ಹೇಳುವವರು ಇದನ್ನೂ ಬಿಡಿಸಿ ಹೇಳಿದ್ರೆ ಕೇಳುವವರು ತಿಳಿದು ತೀರ್ಮಾನ ಮಾಡ್ತಾರೆ.

ಚರ್ಚುಗಳು ಹಾಕಿಕೊಂಡ ಗೆರೆ

ಗೆರೆ ಎಳೆದಿರೋದು ಕೋರ್ಟ್ ಒಂದೇ ಅಲ್ಲ. ಯಾರನ್ನೂ ಬಲವಂತದಿಂದಾಗಲಿ ಆಸೆ ತೋರಿಸಿಯಾಗಲಿ ಧರ್ಮಕ್ಕೆ ಸೇರಿಸಬಾರದು ಅಂತ ಕ್ಯಾಥೊಲಿಕ್ಕರ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ಹೇಳಿದೆ. 2011ರಲ್ಲಿ ವ್ಯಾಟಿಕನ್, ಚರ್ಚುಗಳ ವಿಶ್ವ ಮಂಡಳಿ, ವರ್ಲ್ಡ್ ಇವಾಂಜೆಲಿಕಲ್ ಅಲಯನ್ಸ್ ಮೂರೂ ಸೇರಿ ಒಂದು ನಡವಳಿಕೆಯ ನಿಯಮ ಪ್ರಕಟಿಸಿದವು. ಬಡವರ ಕಷ್ಟವನ್ನ ಬಳಸಿಕೊಂಡು, ಹಣದ ಆಮಿಷ ಒಡ್ಡಿ ಸುವಾರ್ತೆ ಸಾರೋದನ್ನ ಅದು ತಳ್ಳಿಹಾಕುತ್ತೆ. ಪ್ರಾರ್ಥನೆಯಿಂದ ಕಾಯಿಲೆ ವಾಸಿಯಾಗುತ್ತೆ ಅನ್ನುವ ಸೇವೆ ಮಾಡುವವರು ಜನರ ಅಸಹಾಯಕತೆಯನ್ನ ದುರುಪಯೋಗ ಮಾಡಬಾರದು ಅಂತಲೂ ಅದರಲ್ಲಿದೆ.

ಫಿಲಿಪ್ಪನ ಕಥೆ, ಸುಪ್ರೀಂ ಕೋರ್ಟಿನ ತೀರ್ಪು, ಈ ನಿಯಮ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದ್ರೆ ಸಿಗೋ ಮಾತು ಹೆಚ್ಚು ಕಡಿಮೆ ಒಂದೇ. ಹೇಳೋದು ಸುವಾರ್ತಿಕನ ಕೆಲಸ. ಒಪ್ಪೋದು, ಬಿಡೋದು ಕೇಳಿದವರ ಕೆಲಸ. ಈ ಎರಡರ ನಡುವೆ ದುಡ್ಡು, ಹೆದರಿಕೆ, ಸುಳ್ಳು ಬಂತು ಅಂದ್ರೆ ಅದು ಕಾನೂನಿಗೂ ತಪ್ಪು, ಬೈಬಲ್‌ಗೂ ತಪ್ಪು.

ಅಂಗಡಿ ಮುಂದೆ ಬಂದ್ರೆ ಏನು ಮಾಡಬೇಕು?

• ಕರಪತ್ರ ಕೊಡೋದು, ಮಾತಾಡೋದು ಅಷ್ಟಕ್ಕೇ ಅಪರಾಧ ಆಗೋದಿಲ್ಲ. ಇಷ್ಟ ಇದ್ರೆ ಇಸ್ಕೊಳ್ಳಿ, ಇಲ್ಲ ಅಂದ್ರೆ ಬೇಡ ಅನ್ನಿ. ಬೇಡ ಅಂದ ಮೇಲೂ ಕೂತು ಒತ್ತಾಯ ಮಾಡುವ ಹಕ್ಕು ಯಾರಿಗೂ ಇಲ್ಲ. ಅಂಗಡಿ ನಿಮ್ಮದು.

• ದುಡ್ಡು, ಸಾಲ ಮನ್ನಾ, ಕೆಲಸದ ಆಸೆ ತೋರಿಸಿದ್ರೆ, ದೇವರ ಶಾಪ ತಟ್ಟುತ್ತೆ ಅಂತ ಹೆದರಿಸಿದ್ರೆ ಪೊಲೀಸರಿಗೆ ತಿಳಿಸಿ. ಸಂಖ್ಯೆ 112.

• ಅನುಮಾನ ಬಂತು ಅಂತ ತಡೆದು ಕೂರಿಸೋದು, ಬ್ಯಾಗು ಕಿತ್ತುಕೊಳ್ಳೋದು, ಕೈ ಮಾಡೋದು, ಪುಸ್ತಕ ಸುಡೋದು ಮಾಡಿದ್ರೆ ಕೇಸು ಬೀಳೋದು ಮಾಡಿದವರ ಮೇಲೆ. ತನಿಖೆ ಪೊಲೀಸರ ಕೆಲಸ.

• ಪ್ರಾರ್ಥನೆ ಮಾಡಿಸಿಕೊಳ್ಳೋದು ನಿಮ್ಮ ನಂಬಿಕೆ. ಅದಕ್ಕೋಸ್ಕರ ಶುಗರ್, ಬಿಪಿ, ಫಿಟ್ಸ್ ಮಾತ್ರೆ ನಿಲ್ಲಿಸಬೇಡಿ. ನಿಲ್ಲಿಸಿ ಅಂತ ಯಾರೇ ಹೇಳಿದ್ರೂ ಮೊದಲು ಡಾಕ್ಟರ್ ಹತ್ತಿರ ಕೇಳಿ.

• ಒಬ್ಬರ ಫೋಟೊ ತೆಗೆದು ಗ್ರೂಪಿಗೆ ಹಾಕುವ ಮೊದಲು ಅವರು ಏನು ಹೇಳಿದ್ರು, ಏನು ಮಾಡಿದ್ರು ಅನ್ನೋದನ್ನ ವಿಚಾರಿಸಿ. ಸುಳ್ಳು ಹರಡಿ ಗಲಾಟೆ ಆದ್ರೆ ಮೆಸೇಜ್ ಕಳಿಸಿದವರೂ, ಅಡ್ಮಿನ್ನೂ ಠಾಣೆಗೆ ಓಡಾಡಬೇಕಾದೀತು.